ಬೂಮ್ ಸ್ಪ್ರೇಯರ್‌ನ ನಾಜಲ್ ಜೋಡಣೆ: ದೋಷ ಎಲ್ಲಿದೆ ಎಂದು ಹಿಡಿಯುವ ಕ್ರಮ

ಕಳೆನಾಶಕ ಹೊಡೆದ ಹೊಲದಲ್ಲಿ ಕಳೆ ಪಟ್ಟೆ ಪಟ್ಟೆಯಾಗಿ ಉಳಿದುಕೊಂಡರೆ, ಒಂದೆರಡು ಸಾಲು ಮಾತ್ರ ಸುಟ್ಟ ಹಾಗೆ ಕಂಡರೆ, ವಾಲ್ವ್ ಮುಚ್ಚಿದ ಮೇಲೂ ಬೂಮ್‌ನಿಂದ (ನಾಜಲ್‌ಗಳು ಸಾಲಾಗಿ ಕೂತಿರುವ ಅಡ್ಡ ಪೈಪಿನಿಂದ) ಹನಿ ತೊಟ್ಟಿಕ್ಕುತ್ತಿದ್ದರೆ, ಮೊದಲು ಅನುಮಾನ ಹೋಗುವುದು ನಾಜಲ್ ಟಿಪ್ ಮೇಲೆ, ಅಂದರೆ ನೀರು ಹೊರಬೀಳುವ ರಂಧ್ರವಿರುವ ತುದಿಯ ಮೇಲೆ. ಟಿಪ್ ಬದಲಿಸುತ್ತಾರೆ, ದೋಷ ಹಾಗೇ ಇರುತ್ತದೆ. ಏಕೆಂದರೆ ಟಿಪ್ ಎನ್ನುವುದು ಒಂದು ಜೋಡಣೆಯ ಕೊನೆಯ ತುಂಡು ಮಾತ್ರ. ಅದರ ಹಿಂದೆ ಕ್ಯಾಪ್, ವಾಷರ್, ಜಾಲರಿ, ತೊಟ್ಟಿಕ್ಕದಂತೆ ತಡೆಯುವ ರಬ್ಬರ್ ಪೊರೆ (ಡಯಾಫ್ರಮ್), ನಾಜಲ್ ಬಾಡಿ, ಆ ಬಾಡಿ ಕೂತಿರುವ ಪೈಪಿನ ತೂತು ಎಲ್ಲವೂ ಇವೆ. ಇವುಗಳಲ್ಲಿ ಯಾವುದು ಕೆಟ್ಟರೂ ಹೊರಗೆ ಕಾಣುವ ಲಕ್ಷಣ ಹೆಚ್ಚು ಕಡಿಮೆ ಒಂದೇ. ಆದ್ದರಿಂದ ಕಣ್ಣಂದಾಜು ಬಿಟ್ಟು, ಅಳೆದು, ಅದಲುಬದಲು ಮಾಡಿ, ದೋಷವನ್ನು ಒಂದು ತುಂಡಿಗೆ ಕಟ್ಟಿಹಾಕುವುದೇ ಸರಿಯಾದ ದಾರಿ.

ಶುರು ಮಾಡುವ ಮೊದಲು

ಟ್ಯಾಂಕ್, ಹೋಸ್, ಬೂಮ್ ಮೂರನ್ನೂ ಶುದ್ಧ ನೀರಿನಿಂದ ಮೂರು ಸಲ ತೊಳೆಯಿರಿ. ಮುಂದಿನ ಎಲ್ಲ ಪರೀಕ್ಷೆಯೂ ಬರೀ ನೀರಿನಲ್ಲೇ ಆಗಬೇಕು. ತೊಳೆದಿದ್ದರೂ ಜಾಲರಿಯ ಒಳಗೆ ಔಷಧಿಯ ಅಂಶ ಉಳಿದಿರುತ್ತದೆ. ನೈಟ್ರೈಲ್ ಕೈಗವಸು, ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಕ್ಯಾಪ್ ಬಿಚ್ಚಿ. ಕಟ್ಟಿಕೊಂಡ ಟಿಪ್ಪನ್ನು ಬಾಯಿಟ್ಟು ಊದುವ ಅಭ್ಯಾಸ ಇನ್ನೂ ಹಲವರಲ್ಲಿದೆ. ಅದನ್ನು ಯಾವ ಕಾರಣಕ್ಕೂ ಮಾಡಬೇಡಿ.

ಬೇಕಾಗುವ ಸಾಮಾನು ಕಡಿಮೆ: 2 ಲೀಟರ್‌ವರೆಗೆ ಗೆರೆಯಿರುವ ಅಳತೆ ಜಗ್, ಸ್ಟಾಪ್‌ವಾಚ್, ಮೃದುವಾದ ನೈಲಾನ್ ಬ್ರಷ್, ಅಳತೆ ಪಟ್ಟಿ, ನಾಜಲ್ ಕ್ಯಾಪ್ ಜಾಗಕ್ಕೆ ಕೂರಿಸಬಹುದಾದ ಪ್ರೆಷರ್ ಗೇಜ್, ಮತ್ತು ಬೂಮ್‌ನಲ್ಲಿರುವ ಅದೇ ಅಳತೆಯ, ಬಳಸದ ಒಂದು ಹೊಸ ಟಿಪ್. ಈ ಹೊಸ ಟಿಪ್ ನಿಮ್ಮ ತಕ್ಕಡಿಯ ಬಟ್ಟಿದ್ದಂತೆ. ಅದನ್ನು ಪರೀಕ್ಷೆಗೆ ಬಿಟ್ಟರೆ ಬೇರೆಯದಕ್ಕೆ ಬಳಸಬೇಡಿ.

ಟಿಪ್ ಮೇಲಿನ ಗುರುತು ಓದುವುದು

11003 ಎಂದಿದ್ದರೆ ಮೊದಲ 110 ಬೀಸಣಿಗೆಯ ಕೋನ, ಅಂದರೆ ನೀರು ಬೀಸಣಿಗೆಯಂತೆ ಹರಡಿ ಹೊರಬೀಳುವ ಕೋನ, ಡಿಗ್ರಿಯಲ್ಲಿ. ಕೊನೆಯ 03 ಹರಿವಿನ ಅಳತೆ, ಅಂದರೆ 40 ಪಿಎಸ್‌ಐ (ಸುಮಾರು 2.8 ಬಾರ್) ಒತ್ತಡದಲ್ಲಿ ನಿಮಿಷಕ್ಕೆ 0.3 ಅಮೆರಿಕನ್ ಗ್ಯಾಲನ್. ಐಎಸ್ಓ 10625 ಎಂಬ ಅಂತರರಾಷ್ಟ್ರೀಯ ಮಾನಕ ಪಾಲಿಸುವ ಟಿಪ್‌ಗಳಲ್ಲಿ ಬಣ್ಣವೂ ಇದನ್ನೇ ಹೇಳುತ್ತದೆ. 3 ಬಾರ್ ಒತ್ತಡದಲ್ಲಿ ಕಿತ್ತಳೆ (01) ನಿಮಿಷಕ್ಕೆ ಸುಮಾರು 0.4 ಲೀಟರ್, ಹಸಿರು (015) 0.6, ಹಳದಿ (02) 0.8, ತಿಳಿ ನೇರಳೆ (025) 1.0, ನೀಲಿ (03) 1.2, ಕೆಂಪು (04) 1.6, ಕಂದು (05) 2.0 ಲೀಟರ್ ಬಿಡುತ್ತವೆ.

ಇಲ್ಲೊಂದು ಗೊಂದಲವಿದೆ. ಹನಿಯ ಗಾತ್ರವನ್ನು ತೋರಿಸಲು ತಯಾರಕರ ಕೋಷ್ಟಕಗಳಲ್ಲಿ ಬೇರೆಯದೇ ಬಣ್ಣದ ಪಟ್ಟಿ ಬರುತ್ತದೆ. ಅಲ್ಲಿ ಹಳದಿ ಎಂದರೆ ಮಧ್ಯಮ ಹನಿ, ನೀಲಿ ಎಂದರೆ ದಪ್ಪ ಹನಿ. ಟಿಪ್‌ನ ಪ್ಲಾಸ್ಟಿಕ್ ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ. ಎರಡನ್ನೂ ಬೆರೆಸಿ ಟಿಪ್ ಆರಿಸಿದವರ ಬೂಮ್‌ನಲ್ಲಿ ಏನು ಪರೀಕ್ಷೆ ಮಾಡಿದರೂ ಲೆಕ್ಕ ಕೂಡುವುದಿಲ್ಲ.

ಮೊದಲ ಅಳತೆ

ಪಂಪ್ ಓಡಿಸಿ ಬೂಮ್‌ನ ಗೇಜ್ 3 ಬಾರ್‌ಗೆ ನಿಲ್ಲುವಂತೆ ಹೊಂದಿಸಿ. ಒಂದೊಂದು ನಾಜಲ್ ಕೆಳಗೂ ಜಗ್ ಹಿಡಿದು ಸರಿಯಾಗಿ 1 ನಿಮಿಷ ನೀರು ಹಿಡಿಯಿರಿ. ಎಡದಿಂದ ಬಲಕ್ಕೆ ನಂಬರ್ ಹಾಕಿ ಬರೆದುಕೊಳ್ಳಿ. ಬರೆಯದೆ ನೆನಪಿನಲ್ಲಿ ಇಟ್ಟುಕೊಂಡರೆ ಹತ್ತನೇ ನಾಜಲ್‌ಗೆ ಬರುವಷ್ಟರಲ್ಲಿ ಮೂರನೆಯದು ಮರೆತಿರುತ್ತದೆ. ಕೊನೆಗೆ ಸರಾಸರಿ ತೆಗೆಯಿರಿ.

ಸರಾಸರಿಗಿಂತ ಶೇ 5ಕ್ಕೂ ಹೆಚ್ಚು ಮೇಲೆ ಅಥವಾ ಕೆಳಗಿರುವ ನಾಜಲ್ ಸಂಶಯದ ಪಟ್ಟಿಗೆ ಸೇರುತ್ತದೆ. ಹೊಸ ಟಿಪ್‌ನ ಹರಿವಿಗಿಂತ ಶೇ 10ರಷ್ಟು ಹೆಚ್ಚು ಬಿಡುವ ಟಿಪ್ ಸವೆದಿದೆ ಎಂದೇ ಅರ್ಥ. ನೀಲಿ 03 ಟಿಪ್ 1.2ರ ಬದಲು 1.32 ಲೀಟರ್ ಬಿಟ್ಟರೆ ಅದನ್ನು ತೆಗೆಯಬೇಕು. ಸವೆದ ಟಿಪ್ ಕಣ್ಣಿಗೆ ಹೊಸದರಂತೆಯೇ ಕಾಣುತ್ತದೆ, ಬೀಸಣಿಗೆಯೂ ಚೆನ್ನಾಗಿಯೇ ಕಾಣುತ್ತದೆ. ಜಗ್ ಮಾತ್ರ ಸುಳ್ಳು ಹೇಳುವುದಿಲ್ಲ.

ಎಲ್ಲ ನಾಜಲ್‌ಗಳೂ ಒಂದೇ ಸಮ ಕಡಿಮೆ ಅಥವಾ ಒಂದೇ ಸಮ ಹೆಚ್ಚಾಗಿದ್ದರೆ ದೋಷ ನಾಜಲ್‌ಗಿಂತ ಹಿಂದಿದೆ, ಇಲ್ಲವೇ ಎಲ್ಲವೂ ಒಟ್ಟಿಗೆ ಸವೆದಿವೆ. ಒಂದೆರಡು ಮಾತ್ರ ಬೇರೆಯಾಗಿದ್ದರೆ ಮುಂದಿನ ಹೆಜ್ಜೆಗೆ ಹೋಗಿ.

ಅದಲುಬದಲು ಪರೀಕ್ಷೆ

ಇಡೀ ಕೈಪಿಡಿಯಲ್ಲಿ ಒಂದೇ ಕೆಲಸ ಮಾಡಲು ನಿಮಗೆ ಸಮಯವಿದ್ದರೆ ಇದನ್ನು ಮಾಡಿ. ಸಂಶಯದ ನಾಜಲ್‌ನಿಂದ ಟಿಪ್ ಒಂದನ್ನೇ ಬಿಚ್ಚಿ, ಸರಿಯಿರುವ ಪಕ್ಕದ ನಾಜಲ್‌ನ ಟಿಪ್ ಜೊತೆ ಬದಲಿಸಿ. ಜಾಲರಿ, ವಾಷರ್ ಇದ್ದಲ್ಲೇ ಇರಲಿ. ಮತ್ತೆ 1 ನಿಮಿಷ ಅಳೆಯಿರಿ.

ದೋಷ ಟಿಪ್ ಜೊತೆ ಹೊಸ ಜಾಗಕ್ಕೆ ಹೋಯಿತೇ? ಹಾಗಾದರೆ ಟಿಪ್ಪೇ ಕೆಟ್ಟಿದೆ. ದೋಷ ಹಳೆಯ ಜಾಗದಲ್ಲೇ ಉಳಿಯಿತೇ? ಹಾಗಾದರೆ ಟಿಪ್‌ಗೆ ಕೈ ಹಾಕಬೇಡಿ. ಜಾಲರಿಯನ್ನು ಹೀಗೆಯೇ ಬದಲಿಸಿ ನೋಡಿ. ಆಗಲೂ ಅಲ್ಲೇ ಇದ್ದರೆ ಡಯಾಫ್ರಮ್ ಬದಲಿಸಿ. ಅದಕ್ಕೂ ಬಗ್ಗದಿದ್ದರೆ ಉಳಿದದ್ದು ಬಾಡಿ ಮತ್ತು ಪೈಪಿನ ತೂತು. ಒಂದು ಸಲಕ್ಕೆ ಒಂದೇ ತುಂಡು ಬದಲಿಸಬೇಕು. ಎರಡು ಒಟ್ಟಿಗೆ ಬದಲಿಸಿದರೆ ಯಂತ್ರ ಸರಿಹೋದರೂ ಏಕೆ ಸರಿಹೋಯಿತು ಎಂದು ತಿಳಿಯುವುದಿಲ್ಲ, ಮುಂದಿನ ತಿಂಗಳು ಮತ್ತೆ ಅದೇ ಪಾಡು.

ಒಂದು ನಾಜಲ್‌ನಲ್ಲಿ ಹರಿವು ಕಡಿಮೆ

ಹೆಚ್ಚಿನ ಸಲ ಜಾಲರಿ ಕಟ್ಟಿರುತ್ತದೆ. ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ. ಕಣ್ಣುಗಳ ನಡುವೆ ಬಿಳಿ ಪೊರೆಯಿದ್ದರೆ ಅದು ಪುಡಿ ಔಷಧಿ ಅಥವಾ ಗಡಸು ನೀರಿನ ಸುಣ್ಣ. ಅಂಟಂಟು ಪದರವಿದ್ದರೆ ಮಿಶ್ರಣದಲ್ಲಿ ಎರಡು ಔಷಧಿಗಳು ಕೂಡಿ ಗಟ್ಟಿಯಾಗಿವೆ.

ಜಾಲರಿ ಶುಭ್ರವಾಗಿದ್ದು ಟಿಪ್ ಕಟ್ಟಿದ್ದರೆ ಬೆಚ್ಚಗಿನ ಸೋಪಿನ ನೀರಿನಲ್ಲಿ ನೆನೆಹಾಕಿ, ನೈಲಾನ್ ಬ್ರಷ್‌ನಿಂದ ಉಜ್ಜಿ, ಹರಿವಿನ ವಿರುದ್ಧ ದಿಕ್ಕಿನಿಂದ ಗಾಳಿ ಬಿಡಿ. ತಂತಿ, ಸೂಜಿ, ಪಿನ್ನು, ಚಾಕುವಿನ ತುದಿ ಯಾವುದೂ ಬೇಡ. ಬೀಸಣಿಗೆ ರೂಪ ಪಡೆಯುವುದು ರಂಧ್ರದ ಅಂಚಿನ ಚೂಪಿನಿಂದ. ಅಲ್ಲಿ ಒಂದು ಗೀರು ಬಿದ್ದರೆ ಹರಿವು ಹೆಚ್ಚು ಬದಲಾಗದೆಯೂ ಹರಡುವಿಕೆ ಕೆಡುತ್ತದೆ, ಹೊಲದಲ್ಲಿ ತೆಳ್ಳನೆಯ ಗೆರೆಗಳು ಬೀಳುತ್ತವೆ. ತೊಳೆಯಲು ಅಮೋನಿಯಾ ಬಳಸುವವರು ಅದನ್ನು ಕ್ಲೋರಿನ್ ಬ್ಲೀಚ್ ಜೊತೆ ಎಂದೂ ಬೆರೆಸಬಾರದು. ವಿಷಾನಿಲ ಹುಟ್ಟುತ್ತದೆ.

ಟಿಪ್, ಜಾಲರಿ ಎರಡೂ ಸರಿಯಿದ್ದು ಹರಿವು ಕಡಿಮೆಯೇ ಇದ್ದರೆ, ಕ್ಯಾಪ್ ಜಾಗಕ್ಕೆ ಗೇಜ್ ಕೂರಿಸಿ ಒತ್ತಡ ನೋಡುವ ಯೋಚನೆ ಬರುತ್ತದೆ. ಆದರೆ ನೀರು ಹರಿಯದೆ ನಿಂತಾಗ ಅಡಚಣೆಯಿದ್ದರೂ ಗೇಜ್ ಪೂರ್ತಿ ಒತ್ತಡವನ್ನೇ ತೋರಿಸುತ್ತದೆ. ಆದ್ದರಿಂದ ಟೀ ತುಂಡಿನ (ಮೂರು ಬಾಯಿಯ ಜೋಡಣೆ ತುಂಡು) ಒಂದು ಬಾಯಿಗೆ ಗೇಜ್, ಇನ್ನೊಂದು ಬಾಯಿಗೆ ಟಿಪ್ ಹಾಕಿ, ನೀರು ಹರಿಯುತ್ತಿರುವಾಗಲೇ ಓದಬೇಕು. ಹರಿವು ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಬದಲಾಗುತ್ತದೆ. ಅಂದರೆ ಹರಿವು ಶೇ 10ರಷ್ಟು ಕುಸಿದಿದೆ ಎಂದರೆ ಟಿಪ್ ಹತ್ತಿರ ಒತ್ತಡ ಶೇ 19ರಷ್ಟು ಇಳಿದಿರಬೇಕು. 3 ಬಾರ್ ಇರಬೇಕಾದಲ್ಲಿ ಸುಮಾರು 2.4 ಕಾಣಬೇಕು. ಹಾಗೆ ಕಂಡರೆ ಅಡಚಣೆ ಬಾಡಿಯಲ್ಲೋ ತೂತಿನಲ್ಲೋ ಇದೆ.

ಪೈಪಿಗೆ ಕೊರೆದ ತೂತನ್ನು ಅನೇಕರು ಮರೆತೇಬಿಡುತ್ತಾರೆ. ಪೈಪಿನ ಮೇಲೆ ಬಿಗಿಯುವ ಬಾಡಿಗಳಿಗೆ ತಯಾರಕರು ಹೇಳಿದ ಅಳತೆಯ ತೂತೇ ಬೇಕು. ಕಿರಿದಾದರೆ ಬಾಡಿಯ ಮೂತಿ ಪೂರ್ತಿ ಒಳಗೆ ಇಳಿಯದೆ ಪಕ್ಕದಲ್ಲಿ ಸೋರುತ್ತದೆ, ಓರೆಯಾಗಿ ಕೊರೆದರೆ ಮೂತಿ ಅರ್ಧ ಮುಚ್ಚಿಕೊಳ್ಳುತ್ತದೆ. ಕೊರೆದ ಮೇಲೆ ಒಳಗೆ ಉಳಿದ ಚೂರನ್ನು ತೆಗೆಯದಿದ್ದರೆ ಅದೇ ಚೂರು ಮುಂದೆ ಒಂದೊಂದೇ ಜಾಲರಿಗೆ ಬಂದು ಕೂರುತ್ತದೆ. ಹೊಸ ಬೂಮ್ ಜೋಡಿಸಿದವರು ಎರಡೂ ತುದಿಯ ಮುಚ್ಚಳ ಬಿಚ್ಚಿ, ಟಿಪ್ ಯಾವುದನ್ನೂ ಹಾಕದೆ, ಕೆಲವು ನಿಮಿಷ ಜೋರಾಗಿ ನೀರು ಬಿಟ್ಟು ಆಮೇಲೆ ಟಿಪ್ ಹಾಕುವುದು ಒಳ್ಳೆಯದು.

ಒಂದು ನಾಜಲ್‌ನಲ್ಲಿ ಹರಿವು ಹೆಚ್ಚು

ಮೊದಲು ಸಂಖ್ಯೆ ಓದಿ. ನೀಲಿಗಳ ನಡುವೆ ಒಂದು ಬೇರೆ ತಯಾರಿಕೆಯ, ಬೇರೆ ಅಳತೆಯ ಟಿಪ್ ಸೇರಿಕೊಂಡಿರುವುದು ಅಪರೂಪವೇನಲ್ಲ. ಸಂಖ್ಯೆ ಸರಿಯಿದ್ದರೆ ವಾಷರ್ ನೋಡಿ. ವಾಷರ್ ಇಲ್ಲದಿದ್ದರೆ, ಹಿಂಡಿಹೋಗಿದ್ದರೆ, ಅಥವಾ ಹಳೆಯದರ ಮೇಲೆ ಹೊಸದು ಕೂತಿದ್ದರೆ ನೀರು ಟಿಪ್‌ನ ಸುತ್ತ ನುಗ್ಗಿ ಜಗ್‌ಗೆ ಬೀಳುತ್ತದೆ. ಕ್ಯಾಪ್ ಅನ್ನು ಕೈಯಿಂದಲೇ ಬಿಗಿಯಿರಿ. ಇಕ್ಕಳ ಹಾಕಿದರೆ ಕ್ಯಾಪ್‌ನ ಕಿವಿ ಸೀಳುತ್ತದೆ, ಸೋರಿಕೆ ಇನ್ನೂ ಹೆಚ್ಚುತ್ತದೆ.

ಇವೆರಡೂ ಅಲ್ಲದಿದ್ದರೆ ಅದು ಸವೆತ. ಹಿತ್ತಾಳೆ ಎಲ್ಲಕ್ಕಿಂತ ಬೇಗ ಸವೆಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಮತ್ತು ಒಳ್ಳೆಯ ಪ್ಲಾಸ್ಟಿಕ್ ಹೆಚ್ಚು ಬಾಳುತ್ತವೆ. ತಾಮ್ರದ ಔಷಧಿ, ನೀರಿನಲ್ಲಿ ಕದಡುವ ಪುಡಿಗಳಂಥ ಉಜ್ಜುವ ಗುಣದ ವಸ್ತು ದಿನನಿತ್ಯ ಹೊಡೆಯುವವರಿಗೆ ಸೆರಾಮಿಕ್ಕೇ ತಕ್ಕದ್ದು. ಒಂದೇ ಸಲ ಹಾಕಿದ ಟಿಪ್‌ಗಳಲ್ಲಿ ಎರಡು ಸವೆದಿವೆ ಎಂದರೆ ಉಳಿದವೂ ಅದೇ ದಾರಿಯಲ್ಲಿವೆ. ಇಡೀ ಸೆಟ್ ಬದಲಿಸಿ.

ಮುಚ್ಚಿದ ಮೇಲೂ ತೊಟ್ಟಿಕ್ಕುವುದು

ಡಯಾಫ್ರಮ್ ತಡೆ ಸಾಮಾನ್ಯವಾಗಿ 0.5ರಿಂದ 0.7 ಬಾರ್ ಸುತ್ತ ಮುಚ್ಚಿಕೊಳ್ಳುತ್ತದೆ. ಒಂದೇ ನಾಜಲ್ ತೊಟ್ಟಿಕ್ಕಿದರೆ ಅದರ ಹಿಂದಿನ ಮುಚ್ಚಳ ತಿರುಗಿಸಿ ತೆಗೆದು ರಬ್ಬರ್ ನೋಡಿ. ಕೂರುವ ಜಾಗದಲ್ಲಿ ಒಂದು ಮರಳಿನ ಕಣ ಸಾಕು. ರಬ್ಬರ್ ಉಬ್ಬಿ ಮೆತ್ತಗಾಗಿದ್ದರೆ ಅದು ಔಷಧಿಯ ದ್ರಾವಕದ ಕೆಲಸ. ಇಪಿಡಿಎಂ ರಬ್ಬರ್ ಪೆಟ್ರೋಲಿಯಂ ಮೂಲದ ದ್ರಾವಕ ಮತ್ತು ಎಣ್ಣೆಗೆ ತಾಳುವುದಿಲ್ಲ. ಎಣ್ಣೆ ರೂಪದ ಔಷಧಿ ಹೆಚ್ಚು ಬಳಸುವವರು ಎಣ್ಣೆಗೆ ತಾಳುವ ವೈಟಾನ್ ರಬ್ಬರಿನ ಡಯಾಫ್ರಮ್ ಹಾಕಬೇಕು. ಬದಲಿಸುವಾಗ ಅದೇ ಇಪಿಡಿಎಂ ಮತ್ತೆ ಹಾಕಿದರೆ ದೋಷವೂ ಮತ್ತೆ ಬರುತ್ತದೆ.

ಬೂಮ್ ಪೂರ್ತಿ ನಾಲ್ಕೈದು ಸೆಕೆಂಡ್ ತಡವಾಗಿ ನಿಂತರೆ ಡಯಾಫ್ರಮ್‌ಗಳ ತಪ್ಪಲ್ಲ. ಕೊನೆಯ ನಾಜಲ್ ಆಚೆಗೆ ಚಾಚಿಕೊಂಡ ಪೈಪಿನ ತುಂಡಿನಲ್ಲಿ ಗಾಳಿ ಸಿಕ್ಕಿಹಾಕಿಕೊಂಡಿದೆ. ಪಂಪ್ ಓಡುವಾಗ ಆ ಗಾಳಿ ಕುಗ್ಗುತ್ತದೆ, ವಾಲ್ವ್ ಮುಚ್ಚಿದಾಗ ಹಿಗ್ಗಿ ನೀರನ್ನು ಹೊರಗೆ ದಬ್ಬುತ್ತದೆ. ಶುರುವಿನಲ್ಲೂ ಇದೇ ಕಾರಣಕ್ಕೆ ಬೀಸಣಿಗೆ ತಡವಾಗಿ ಬಿಚ್ಚಿಕೊಳ್ಳುತ್ತದೆ. ಇದು ವಿನ್ಯಾಸದ ದೋಷ. ಪೈಪಿನ ತುದಿಗೆ ಆದಷ್ಟು ಹತ್ತಿರ ಕೊನೆಯ ನಾಜಲ್ ಬರುವಂತೆ ಜೋಡಿಸಿ, ಅಥವಾ ಸಿಕ್ಕಿಬಿದ್ದ ಗಾಳಿಯನ್ನು ಕೊನೆಯ ನಾಜಲ್ ಮೂಲಕ ಎಳೆದುಹಾಕುವ ತುದಿ ಮುಚ್ಚಳ ಬಳಸಿ.

ಎಲ್ಲ ನಾಜಲ್‌ಗಳಲ್ಲೂ ಹರಿವು ಕಡಿಮೆ

ಬೂಮ್‌ನ ಗೇಜನ್ನು ಇನ್ನೊಂದು ಒಳ್ಳೆಯ ಗೇಜ್ ಜೊತೆ ಹೋಲಿಸಿ. ಪಂಪ್ ನಿಂತಾಗಲೂ ಮುಳ್ಳು ಸೊನ್ನೆಗೆ ಬರದಿದ್ದರೆ ಆ ಗೇಜ್ ನಂಬುವಂತಿಲ್ಲ. ಗೇಜ್ ಪಂಪ್ ಬಳಿ ಇದ್ದು ಬೂಮ್ ದೂರವಿದ್ದರೆ, ನಡುವಿನ ಸಣ್ಣ ಹೋಸ್, ಮುಖ್ಯ ಫಿಲ್ಟರ್, ವಾಲ್ವ್‌ಗಳಲ್ಲಿ ಕಳೆದುಹೋದ ಒತ್ತಡ ಗೇಜ್‌ಗೆ ಕಾಣುವುದಿಲ್ಲ. ಹರಿವಿರುವಾಗಲೇ ಬೂಮ್‌ನ ಮಧ್ಯದಲ್ಲೂ ತುದಿಯಲ್ಲೂ ಅಳೆಯಿರಿ.

ಇನ್ನೊಂದು ಗುಟ್ಟು ಜಾಲರಿಯ ಒಳಗೇ ಅಡಗಿರುತ್ತದೆ. ಕೆಲವು ಜಾಲರಿಗಳಲ್ಲಿ ತೊಟ್ಟಿಕ್ಕದಂತೆ ಸ್ಪ್ರಿಂಗ್ ಮತ್ತು ಗೋಲಿ ಇರುತ್ತದೆ. ಅದನ್ನು ತೆರೆಯಲು ಸುಮಾರು 0.35 ಬಾರ್ ಬೇಕಾದರೆ ಅಷ್ಟು ಒತ್ತಡ ಟಿಪ್‌ಗೆ ಸಿಗುವುದಿಲ್ಲ. ಗೇಜ್ 3 ತೋರಿಸುತ್ತದೆ, ಟಿಪ್ ಕಾಣುವುದು 2.65. ಹರಿವು ಎಲ್ಲ ಕಡೆ ಶೇ 6ರಷ್ಟು ಕಡಿಮೆ. ಡಯಾಫ್ರಮ್ ಇರುವ ಬಾಡಿಗೆ ಯಾರೋ ಇಂಥ ಜಾಲರಿಯನ್ನೂ ಹಾಕಿದ್ದರೆ ಅದನ್ನು ತೆಗೆದು ಸಾದಾ ಜಾಲರಿ ಹಾಕಿ.

ನೀರಿನಲ್ಲಿ ಎಲ್ಲ ಸರಿಯಿದ್ದು ದ್ರವ ಗೊಬ್ಬರ ಹೊಡೆಯುವಾಗ ಮಾತ್ರ ಕಡಿಮೆಯಾದರೆ ಅದು ದೋಷವೇ ಅಲ್ಲ. ದ್ರವ ತೂಕವಾದಷ್ಟೂ ಹರಿವು ತಗ್ಗುತ್ತದೆ. ನೀರಿಗಿಂತ 1.28 ಪಟ್ಟು ತೂಕದ ದ್ರವ ಅದೇ ಒತ್ತಡದಲ್ಲಿ ಸುಮಾರು ಶೇ 12 ಕಡಿಮೆ ಹರಿಯುತ್ತದೆ. ಟಿಪ್ ಆರಿಸುವಾಗಲೇ ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ಮುಳ್ಳು ನಡುಗುತ್ತಾ ಬೀಸಣಿಗೆ ಮಿಡಿಯುತ್ತಿದ್ದರೆ ಪಂಪಿನ ಏರ್ ಚೇಂಬರ್‌ನ ಗಾಳಿ ಮತ್ತು ಹೀರುವ ಹೋಸ್‌ನ ಕ್ಲಿಪ್‌ಗಳನ್ನು ನೋಡಿ. ಇದು ನಾಜಲ್ ಜೋಡಣೆಗೆ ಸೇರಿದ್ದಲ್ಲ.

ಹರಿವು ಸರಿ, ಆದರೂ ಹೊಲದಲ್ಲಿ ಪಟ್ಟೆ

ಒಣಗಿದ ಸಿಮೆಂಟ್ ನೆಲದ ಮೇಲೆ ಬೂಮನ್ನು ಕೆಲಸದ ಎತ್ತರದಲ್ಲೇ ನಿಲ್ಲಿಸಿ, ಕೆಲಸದ ವೇಗದಲ್ಲೇ ಬರೀ ನೀರು ಹೊಡೆಯುತ್ತಾ ದಾಟಿ. ಒಣಗುವಾಗ ನೋಡುತ್ತಾ ನಿಲ್ಲಿ. ಮೊದಲು ಒಣಗುವ ಪಟ್ಟೆಗಳಲ್ಲಿ ನೀರು ಕಡಿಮೆ ಬಿದ್ದಿದೆ.

ಪಟ್ಟೆ ಎರಡು ನಾಜಲ್‌ಗಳ ನಡುವೆ ಸಮನಾಗಿ ಮರುಕಳಿಸಿದರೆ ಎತ್ತರ ತಪ್ಪಿದೆ ಅಥವಾ ಕೋನ ತಪ್ಪಿದೆ. 50 ಸೆಂ.ಮೀ ಅಂತರದ ಬೂಮ್‌ನಲ್ಲಿ 110 ಡಿಗ್ರಿ ಟಿಪ್‌ಗೆ ಬೆಳೆಯ ತಲೆಯಿಂದ 50 ಸೆಂ.ಮೀ ಎತ್ತರ ಸಾಕು. ಲೆಕ್ಕದ ಪ್ರಕಾರ ಅದರ ಬೀಸಣಿಗೆ ಸುಮಾರು 143 ಸೆಂ.ಮೀ ಅಗಲ ಹರಡುತ್ತದೆ, ಪಕ್ಕದವುಗಳ ಮೇಲೆ ಧಾರಾಳವಾಗಿ ಬೀಳುತ್ತದೆ. ಅದೇ ಎತ್ತರದಲ್ಲಿ 80 ಡಿಗ್ರಿ ಟಿಪ್ ಹರಡುವುದು 84 ಸೆಂ.ಮೀ ಮಾತ್ರ. ಅದಕ್ಕೆ 75 ಸೆಂ.ಮೀ ಎತ್ತರ ಬೇಕು. ಎತ್ತರವನ್ನು ನೆಲದಿಂದ ಅಳೆದು ಬೆಳೆ ಬೆಳೆದ ಮೇಲೂ ಅಲ್ಲೇ ಬಿಟ್ಟರೆ ಪಟ್ಟೆ ಬೀಳದೆ ಇರುವುದಿಲ್ಲ. ಒತ್ತಡ ತೀರಾ ತಗ್ಗಿದರೂ ಬೀಸಣಿಗೆ ಮುದುಡಿಕೊಳ್ಳುತ್ತದೆ.

ಬೀಸಣಿಗೆಗಳು ಒಂದಕ್ಕೊಂದು ಡಿಕ್ಕಿ ಹೊಡೆದು ನಡುವೆ ದಪ್ಪ ಹನಿ ಉದುರುತ್ತಿದ್ದರೆ ಅವೆಲ್ಲ ಒಂದೇ ಗೆರೆಯಲ್ಲಿ ನಿಂತಿವೆ. ಪ್ರತಿ ಟಿಪ್ಪೂ ಬೂಮ್ ಗೆರೆಗೆ 5ರಿಂದ 10 ಡಿಗ್ರಿ ಓರೆಯಾಗಿರಬೇಕು, ಎಲ್ಲವೂ ಒಂದೇ ಕಡೆಗೆ. ಒಂದಿಷ್ಟು ತಿರುಗಿಸಿ ಸಿಕ್ಕಿಸುವ ಬಯೊನೆಟ್ ಕ್ಯಾಪ್‌ಗಳಲ್ಲಿ ಈ ಓರೆ ತಾನಾಗಿ ಬರುತ್ತದೆ, ತಿರುಪಿನ ಕ್ಯಾಪ್‌ನಲ್ಲಿ ಕೈಯಿಂದ ಹೊಂದಿಸಬೇಕು.

ಇವೆಲ್ಲ ಸರಿಯಿದ್ದೂ ಪಟ್ಟೆಯಿದ್ದರೆ ಟಿಪ್‌ನ ಜಾತಿ ನೋಡಿ. ಸಾಲಿನ ಮೇಲೆ ಮಾತ್ರ ಹೊಡೆಯುವ ಸಮ ಬೀಸಣಿಗೆ ಟಿಪ್‌ಗಳು ಅಂಚಿನವರೆಗೂ ಒಂದೇ ಪ್ರಮಾಣ ಬಿಡುತ್ತವೆ. ಕೆಲವು ತಯಾರಕರು ಸಂಖ್ಯೆಯ ಕೊನೆಗೆ ಇಂಗ್ಲಿಷ್‌ನ ಇ ಅಕ್ಷರ ಹಾಕಿ ಇವನ್ನು ಗುರುತಿಸುತ್ತಾರೆ. ಇವನ್ನು ಬೂಮ್‌ಗೆ ಸಾಲಾಗಿ ಹಾಕಿದರೆ ಒಂದರ ಅಂಚು ಇನ್ನೊಂದರ ಮೇಲೆ ಬಿದ್ದಲ್ಲೆಲ್ಲ ಪ್ರಮಾಣ ಇಮ್ಮಡಿಯಾಗುತ್ತದೆ. ಬೂಮ್‌ಗೆ ಬೇಕಾದದ್ದು ಅಂಚಿನ ಕಡೆಗೆ ತೆಳುವಾಗುತ್ತಾ ಹೋಗುವ ಬೀಸಣಿಗೆ.

ಮಂಜು ಏಳುವುದು, ಗಾಳಿ ಎಳೆಯುವ ಟಿಪ್‌ನ ತೊಂದರೆ

ಹನಿ ಮಂಜಾಗಿ ಹಾರಿಹೋದರೆ ಬಹುಪಾಲು ಸಲ ಸಣ್ಣ ಟಿಪ್ ಹಾಕಿ ಒತ್ತಡ ಏರಿಸಿದ್ದೇ ಕಾರಣ. ಹರಿವು ಇಮ್ಮಡಿಯಾಗಲು ಒತ್ತಡ ನಾಲ್ಕು ಪಟ್ಟು ಬೇಕು. ಆದ್ದರಿಂದ ಪ್ರಮಾಣ ಸಾಲದಾದಾಗ ಒತ್ತಡ ತಿರುಗಿಸಬೇಡಿ, ಟಿಪ್ ದೊಡ್ಡದು ಮಾಡಿ.

ಗಾಳಿ ಎಳೆದುಕೊಳ್ಳುವ ಟಿಪ್‌ನಲ್ಲಿ ನೀರಿಗೆ ಎರಡು ರಂಧ್ರ, ಪಕ್ಕದಲ್ಲಿ ಗಾಳಿಗೆ ಬೇರೆ ರಂಧ್ರ. ಒಳಗಿನ ಸಣ್ಣದು ಹರಿವನ್ನು ಅಳೆಯುತ್ತದೆ, ಹೊರಗಿನ ದೊಡ್ಡದು ಬೀಸಣಿಗೆ ಮಾಡುತ್ತದೆ. ಇದು ಗೊತ್ತಿದ್ದರೆ ಪತ್ತೆ ಸುಲಭ. ಹರಿವು ಸರಿಯಿದ್ದು ಬೀಸಣಿಗೆ ಕೆಟ್ಟಿದ್ದರೆ ಹೊರಗಿನದರಲ್ಲಿ ಕಸವಿದೆ. ಬೀಸಣಿಗೆಯ ಆಕಾರ ಸರಿಯಿದ್ದು ಹರಿವು ಕಡಿಮೆಯಿದ್ದರೆ ಒಳಗಿನದರಲ್ಲಿ ಕಸವಿದೆ. ಪಕ್ಕದ ಗಾಳಿ ರಂಧ್ರದಿಂದ ನೀರು ಉಕ್ಕಿದರೆ ಹೊರ ರಂಧ್ರ ಹೆಚ್ಚೂ ಕಡಿಮೆ ಮುಚ್ಚಿಹೋಗಿದೆ. ಗಾಳಿ ರಂಧ್ರಕ್ಕೇ ಮಣ್ಣು ಮೆತ್ತಿದ್ದರೆ ಹರಿವು ಹೆಚ್ಚು ಬದಲಾಗುವುದಿಲ್ಲ, ಹನಿಯ ಗುಣ ಮಾತ್ರ ಬದಲಾಗುತ್ತದೆ. ಜಗ್ ಇದನ್ನು ಹಿಡಿಯಲಾರದು, ಬಿಚ್ಚಿಯೇ ನೋಡಬೇಕು. ಇಂಥ ಟಿಪ್‌ಗಳನ್ನು ಸಾಮಾನ್ಯವಾಗಿ 2 ಬಾರ್‌ಗಿಂತ ಕೆಳಗೆ ಓಡಿಸಬಾರದು.

ಪದೇ ಪದೇ ಕಟ್ಟಿಕೊಳ್ಳುವುದು

ತೊಳೆದ ಮಾರನೆಯ ದಿನವೇ ಮತ್ತೆ ಕಟ್ಟಿದರೆ ಜಾಲರಿಗೂ ಟಿಪ್‌ಗೂ ಹೊಂದಾಣಿಕೆಯಿಲ್ಲ. 01, 015 ಟಿಪ್‌ಗಳ ಹಿಂದೆ 100 ಮೆಷ್ (ಒಂದು ಇಂಚಿಗೆ 100 ಕಣ್ಣು) ಜಾಲರಿ, 04 ಮತ್ತು ಅದಕ್ಕೂ ದೊಡ್ಡ ಟಿಪ್‌ಗಳ ಹಿಂದೆ 50 ಮೆಷ್ ರೂಢಿ. 50 ಮೆಷ್‌ನ ಕಣ್ಣು ಸುಮಾರು 0.3 ಮಿ.ಮೀ, 100 ಮೆಷ್‌ನದು ಅದರ ಅರ್ಧ. ಟ್ಯಾಂಕಿನ ಬಾಯಿಂದ ಟಿಪ್‌ವರೆಗೆ ಕಣ್ಣು ಕಿರಿದಾಗುತ್ತಾ ಬರಬೇಕು. ಒತ್ತಡದ ಕಡೆಯ ಮುಖ್ಯ ಫಿಲ್ಟರ್ ಒರಟಾಗಿದ್ದರೆ, 24 ನಾಜಲ್‌ಗಳ ಬೂಮ್‌ನಲ್ಲಿ ಕಸವೆಲ್ಲ ಇಪ್ಪತ್ತನಾಲ್ಕು ಸಣ್ಣ ಜಾಲರಿಗಳಲ್ಲಿ ಕೂರುತ್ತದೆ. ಒಂದು ಫಿಲ್ಟರ್ ತೊಳೆಯುವ ಕೆಲಸ ಇಪ್ಪತ್ತನಾಲ್ಕಾಗುತ್ತದೆ. ಪುಡಿ ಔಷಧಿ ಹೊಡೆಯುವವರು ಸಣ್ಣ ಟಿಪ್ ಮತ್ತು 100 ಮೆಷ್ ಎರಡನ್ನೂ ಬಿಟ್ಟು ದೊಡ್ಡ ಟಿಪ್ ಮತ್ತು 50 ಮೆಷ್‌ಗೆ ಹೋಗುವುದೇ ಲೇಸು.

ಬೆರೆಸುವ ಕ್ರಮವೂ ನೋಡಿ. ಅರ್ಧ ಟ್ಯಾಂಕ್ ನೀರು, ಆಮೇಲೆ ಪುಡಿ, ಚೆನ್ನಾಗಿ ಕದಡಿದ ಮೇಲೆ ದ್ರವ ಔಷಧಿ, ಅನಂತರ ಎಣ್ಣೆ ರೂಪದ್ದು, ಕೊನೆಗೆ ಎಲೆಗೆ ಅಂಟುವಂತೆ ಮಾಡುವ ಅಂಟುದ್ರವ. 2,4-ಡಿ ಅಮೈನ್ ಲವಣ ಎಂಬ ಕಳೆನಾಶಕ ಗಡಸು ನೀರಿಗೆ ಬಿದ್ದರೆ ಬಿಳಿ ಗಸಿ ಕಟ್ಟುತ್ತದೆ. ಅದನ್ನು ಯಾವ ಜಾಲರಿಯೂ ತಡೆಯಲಾರದು, ನೀರನ್ನೇ ಬದಲಿಸಬೇಕು.

ಎಲ್ಲ ತುಂಡೂ ಸರಿ, ಲೆಕ್ಕ ತಪ್ಪು

ಪ್ರತಿ ನಾಜಲ್ ನಿಮಿಷಕ್ಕೆ ಬಿಡಬೇಕಾದ ಲೀಟರ್ ತಿಳಿಯಲು ಹೆಕ್ಟೇರಿಗೆ ಬೇಕಾದ ಲೀಟರ್, ಗಂಟೆಗೆ ಕಿ.ಮೀ ವೇಗ, ಮೀಟರ್‌ನಲ್ಲಿ ನಾಜಲ್ ಅಂತರ ಮೂರನ್ನೂ ಗುಣಿಸಿ 600ರಿಂದ ಭಾಗಿಸಿ. ಹೆಕ್ಟೇರಿಗೆ 200 ಲೀಟರ್, ಗಂಟೆಗೆ 6 ಕಿ.ಮೀ, ಅಂತರ 0.5 ಮೀಟರ್ ಆದರೆ ಉತ್ತರ 1.0 ಲೀಟರ್. ತಿಳಿ ನೇರಳೆ 025 ಟಿಪ್ 3 ಬಾರ್‌ನಲ್ಲಿ ಸರಿಯಾಗಿ ಇದನ್ನೇ ಬಿಡುತ್ತದೆ. ಹಳದಿ 02 ಹಾಕಿದರೆ 4.7 ಬಾರ್‌ವರೆಗೆ ಒತ್ತಬೇಕು, ಮಂಜು ಏಳುತ್ತದೆ. ನೀಲಿ 03 ಹಾಕಿದರೆ 2.1 ಬಾರ್ ಸಾಕು. ಸಾದಾ ಬೀಸಣಿಗೆ ಟಿಪ್‌ಗೆ ಅದು ಒಳ್ಳೆಯ ಆಯ್ಕೆ, ಗಾಳಿ ಎಳೆಯುವ ಟಿಪ್‌ಗೆ ಕೆಳಗಿನ ಅಂಚು.

ವೇಗವನ್ನು ಟ್ರ್ಯಾಕ್ಟರ್ ಮೀಟರ್‌ನಲ್ಲಿ ಓದದೆ ಹೊಲದಲ್ಲೇ 100 ಮೀಟರ್ ಗುರುತು ಹಾಕಿ, ಟ್ಯಾಂಕ್ ಅರ್ಧ ತುಂಬಿಸಿ ಓಡಿಸಿ ಅಳೆಯಿರಿ. ಗಂಟೆಗೆ 6 ಕಿ.ಮೀ ಎಂದರೆ 100 ಮೀಟರಿಗೆ 60 ಸೆಕೆಂಡ್. 50 ಸೆಕೆಂಡಿನಲ್ಲಿ ಮುಗಿದರೆ ನಿಜವಾದ ವೇಗ 7.2, ಹೆಕ್ಟೇರಿಗೆ ಬೀಳುವುದು 167 ಲೀಟರ್ ಮಾತ್ರ. ಔಷಧಿ ಕೆಲಸ ಮಾಡಲಿಲ್ಲ ಎಂಬ ದೂರು ಎಷ್ಟೋ ಸಲ ಇಲ್ಲಿಂದಲೇ ಹುಟ್ಟುತ್ತದೆ.

ಪಂಪ್ ಸಾಮರ್ಥ್ಯವನ್ನೂ ಒಮ್ಮೆ ಕೂಡಿಸಿ. ಪ್ರತಿ ನಾಜಲ್‌ಗೆ 1.0 ಲೀಟರ್‌ನಂತೆ 12 ಮೀಟರ್ ಬೂಮ್‌ನ 24 ನಾಜಲ್‌ಗಳಿಗೆ ನಿಮಿಷಕ್ಕೆ 24 ಲೀಟರ್. ಟ್ಯಾಂಕ್ ಕದಡಲು ಅದರ ಗಾತ್ರದ ಶೇ 5 ಎಂದರೆ 600 ಲೀಟರ್ ಟ್ಯಾಂಕಿಗೆ ನಿಮಿಷಕ್ಕೆ 30 ಲೀಟರ್. ಮೇಲೆ ಶೇ 20 ಮೀಸಲು. ಪಂಪ್ ನಿಮಿಷಕ್ಕೆ 65 ಲೀಟರ್ ಕೊಡದಿದ್ದರೆ ಟಿಪ್ ದೊಡ್ಡದು ಮಾಡಿದ ದಿನವೇ ಒತ್ತಡ ಕುಸಿಯುತ್ತದೆ.

ರಿಪೇರಿ ಮುಗಿದ ಮೇಲೆ ಎಲ್ಲ ನಾಜಲ್‌ಗಳನ್ನೂ ಅದೇ 3 ಬಾರ್‌ನಲ್ಲಿ ಮತ್ತೆ 1 ನಿಮಿಷ ಅಳೆದು, ದಿನಾಂಕ, ಟಿಪ್ ಸಂಖ್ಯೆ, ಜಾಲರಿಯ ಮೆಷ್, ಡಯಾಫ್ರಮ್‌ನ ರಬ್ಬರ್ ಯಾವುದು ಎಂಬುದನ್ನು ಯಂತ್ರದ ಜೊತೆಗೇ ಇರುವ ಪುಸ್ತಕದಲ್ಲಿ ಬರೆದಿಡಿ. ಮುಂದಿನ ಹಂಗಾಮಿನ ಮೊದಲ ಟ್ಯಾಂಕ್ ತುಂಬುವ ಮುನ್ನ ಇದೇ ಅಳತೆ ಮತ್ತೊಮ್ಮೆ ಮಾಡಿ, ಎರಡು ಪುಟಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ.